ಉಸಿರಿಗೆ ಲೆಕ್ಕ ಬರೆದ ಹಚಿನ್ಸನ್

1842ರಲ್ಲಿ ಅಮೆರಿಕದಿಂದ ಇಂಗ್ಲೆಂಡಿಗೆ ಚಾರ್ಲ್ಸ್ ಫ್ರೀಮನ್ ಎಂಬ ಮಲ್ಲ ಬಂದಿಳಿದ. ಹತ್ತಿರ ಹತ್ತಿರ ಏಳಡಿ ಎತ್ತರದ ಆಳು. ಜನ ಆತನನ್ನು ಅಮೆರಿಕದ ದೈತ್ಯ ಎಂದೇ ಕರೆಯುತ್ತಿದ್ದರು. ಪಣಕ್ಕೆ ದುಡ್ಡು ಕಟ್ಟಿ, ಬರಿಗೈಯಲ್ಲಿ ಗುದ್ದಾಡುವ ಪಂದ್ಯಗಳ ಕಾಲ ಅದು. ಅಂಥದೊಂದು ಪಂದ್ಯಕ್ಕಾಗಿಯೇ ಫ್ರೀಮನ್ ಬಂದಿದ್ದ. ಜಾನ್ ಹಚಿನ್ಸನ್ ಎಂಬ ಯುವ ವೈದ್ಯ ಆತನನ್ನು ಕರೆದು ನಿಲ್ಲಿಸಿ, ಎದೆ ತುಂಬ ಗಾಳಿ ಎಳೆದುಕೊಂಡು ಒಂದು ಕೊಳವೆಗೆ ಅಷ್ಟನ್ನೂ ಊದಲು ಹೇಳಿದ. ಲೆಕ್ಕ ಬಂದದ್ದು 434 ಘನ ಅಂಗುಲ. ಇಂದಿನ ಅಳತೆಯಲ್ಲಿ ಏಳು ಲೀಟರ್‌ಗೂ ಸ್ವಲ್ಪ ಹೆಚ್ಚು.

ಎರಡು ವರ್ಷ ಕಳೆದ ಮೇಲೆ ಅದೇ ಫ್ರೀಮನ್ ಸೊರಗಿ ಬಂದ. ಹಚಿನ್ಸನ್ ಮತ್ತೆ ಊದಿಸಿದ. ಅಂಕಿ 390ಕ್ಕೆ, ಮುಂದೆ 344ಕ್ಕೆ ಇಳಿದಿತ್ತು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವುದರಲ್ಲಿ ಪಳಗಿದ ವೈದ್ಯರಿಗೂ ಆಗ ಯಾವ ರೋಗವೂ ಸಿಗಲಿಲ್ಲ. 344 ಎಂದರೂ ಐದೂವರೆ ಲೀಟರ್ ದಾಟುತ್ತದೆ. ಆರಡಿ ಎತ್ತರದ ಆರೋಗ್ಯವಂತ ಗಂಡಸು ಊದುವುದಕ್ಕಿಂತ ಅದು ಕಡಿಮೆಯೇನಲ್ಲ. ಬೇರೆಯವರೊಡನೆ ಹೋಲಿಸಿದ್ದರೆ ಫ್ರೀಮನ್ ಗಟ್ಟಿಮುಟ್ಟಾದ ಆಳೇ. ಆತನನ್ನು ಆತನೊಡನೆಯೇ ಹೋಲಿಸಿದಾಗ ಮಾತ್ರ ಎದೆಯಲ್ಲಿ ಏನೋ ಕೆಟ್ಟಿದೆ ಎಂದು ತಿಳಿಯುತ್ತಿತ್ತು. 1845ರಲ್ಲಿ ಫ್ರೀಮನ್ ಕ್ಷಯದಿಂದ ತೀರಿಕೊಂಡ.

ಉಸಿರಾಟದ ಪರೀಕ್ಷೆ ಮಾಡುವ ನಮ್ಮ ಕಸುಬಿನಲ್ಲಿ ಹಚಿನ್ಸನ್ ಹೆಸರು ಕೇಳದವರಿಲ್ಲ. ಆಸ್ಪತ್ರೆಗಳಲ್ಲಿ ಪಿಎಫ್‌ಟಿ ಎಂದು ಬರೆದುಕೊಡುವ ಪರೀಕ್ಷೆಯ ಬೇರು ಆತನ ಕೊಳವೆಯಲ್ಲಿದೆ. ಊರು ಬಿಟ್ಟು ಪುಣೆ, ದೆಹಲಿ, ಹೈದರಾಬಾದ್ ಎಂದು ದುಡಿಯುತ್ತ, ಜೇಬಿನಲ್ಲೊಂದು ಇನ್ಹೇಲರ್ ಇಟ್ಟುಕೊಂಡಿರುವ ನಮ್ಮವರಿಗೆ ಈ ಮನುಷ್ಯನ ಕಥೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಲ್ಲಿದ್ದಲ ನಾಡಿನ ಹುಡುಗ

ಜಾನ್ ಹಚಿನ್ಸನ್ ಹುಟ್ಟಿದ್ದು 1811ರಲ್ಲಿ, ಇಂಗ್ಲೆಂಡಿನ ಉತ್ತರದ ತುದಿಯ ನಾರ್ತಂಬರ್ಲೆಂಡ್ ಸೀಮೆಯಲ್ಲಿ. ನ್ಯೂಕ್ಯಾಸಲ್ ಪಟ್ಟಣದ ಸುತ್ತಿನ ಆ ಪ್ರದೇಶ ಕಲ್ಲಿದ್ದಲಿಗೆ ಹೆಸರಾದದ್ದು. ಅಲ್ಲಿಂದ ಲಂಡನ್ನಿಗೆ ಹೋಗಿ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯಕೀಯ ಓದಿದ. ಸರ್ಜನ್ ಆಗಿ ಕೆಲಸ ಹಿಡಿದ. ಪಿಟೀಲು ನುಡಿಸುತ್ತಿದ್ದ, ಚಿತ್ರ ಬರೆಯುತ್ತಿದ್ದ, ಶಿಲ್ಪದ ಹುಚ್ಚೂ ಇತ್ತು. ಕೈಯಿಂದ ಏನಾದರೂ ಮಾಡಿ ನೋಡಬೇಕೆನ್ನುವ ಸ್ವಭಾವದ ಮನುಷ್ಯ.

ಆ ಕಾಲದ ಲಂಡನ್ನಿನಲ್ಲಿ ಕ್ಷಯ ಮನೆಮನೆಯ ಕಾಯಿಲೆ. ರೋಗಾಣು ಯಾವುದೆಂದು ಇನ್ನೂ ಗೊತ್ತಿರಲಿಲ್ಲ. ಕಾಕ್ ಅದನ್ನು ಕಂಡುಹಿಡಿದದ್ದು 1882ರಲ್ಲಿ. ಎಕ್ಸ್‌ರೇ ಬಂದದ್ದು ಅದಕ್ಕೂ ಆಮೇಲೆ, 1895ರಲ್ಲಿ. ವೈದ್ಯರ ಕೈಯಲ್ಲಿದ್ದದ್ದು ಫ್ರಾನ್ಸಿನ ಲೆನೆಕ್ 1816ರಲ್ಲಿ ರೂಪಿಸಿದ ಸ್ಟೆತಸ್ಕೋಪ್ ಮಾತ್ರ. ಅದರಲ್ಲಿ ಕೇಳಿಸುವ ಸದ್ದನ್ನು ಕಿವಿ ಪಳಗಿದವರು ಒಂದು ರೀತಿ ಹೇಳಿದರೆ, ಪಳಗದವರು ಇನ್ನೊಂದು ರೀತಿ ಹೇಳುತ್ತಿದ್ದರು. ಕಿವಿಯ ಅನುಭವವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವುದು ಕಷ್ಟ. ಅಂಕಿಯಾದರೆ ಹಾಗಲ್ಲ. ಅದನ್ನು ಕಾಗದದ ಮೇಲೆ ಬರೆದಿಡಬಹುದು, ಆರು ತಿಂಗಳ ನಂತರ ತೆಗೆದು ನೋಡಬಹುದು.

ಅಂಕಿಯ ಕಡೆಗೆ ಹಚಿನ್ಸನ್ ವಾಲಲು ಇನ್ನೊಂದು ಕಾರಣವೂ ಇತ್ತು. ಬ್ರಾಂಪ್ಟನ್‌ನ ಕ್ಷಯ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದುದರ ಜೊತೆಗೆ ಆತ ಬ್ರಿಟಾನಿಯಾ ಎಂಬ ಜೀವವಿಮಾ ಕಂಪನಿಗೂ ಕೆಲಸ ಮಾಡುತ್ತಿದ್ದ. ವಿಮೆ ಮಾಡಿಸಲು ಬಂದವನು ನೋಡಲು ಚೆನ್ನಾಗಿಯೇ ಇರುತ್ತಾನೆ, ಆದರೆ ಎಷ್ಟು ಕಾಲ ಬದುಕಿಯಾನು ಎಂಬುದು ಕಂಪನಿಯ ಪ್ರಶ್ನೆ. ಹೊರಗೆ ಕಾಣದ ರೋಗವನ್ನು ಮೊದಲೇ ಹಿಡಿಯುವ, ಯಾರು ಬೇಕಾದರೂ ಮಾಡಬಹುದಾದ ಸುಲಭದ ಪರೀಕ್ಷೆಯೊಂದು ಬೇಕಿತ್ತು. ಹಚಿನ್ಸನ್ ಹುಡುಕಿದ್ದು ಅದನ್ನೇ.

ನೀರಿನಲ್ಲಿ ತೇಲುವ ಪಾತ್ರೆ

ಉಸಿರನ್ನು ಅಳೆಯಲು ಹೊರಟವರಲ್ಲಿ ಆತ ಮೊದಲಿಗನಲ್ಲ. 1800ರ ಸುಮಾರಿಗೇ ಹಂಫ್ರಿ ಡೇವಿ ತನ್ನದೇ ಶ್ವಾಸಕೋಶದ ಅಳತೆ ತೆಗೆದುಕೊಂಡಿದ್ದ. ಆದರೆ ಅವೆಲ್ಲ ಒಬ್ಬಿಬ್ಬರ ಮೇಲೆ ಮಾಡಿ ನೋಡಿದ ಪ್ರಯೋಗಗಳು. ಹಚಿನ್ಸನ್ ಮಾಡಿದ ಸ್ಪೈರೋಮೀಟರ್‌ನ ರಚನೆ ನಮಗೆ ಗುರುತಿಲ್ಲದ್ದೇನೂ ಅಲ್ಲ. ಹಳ್ಳಿ ಮನೆಯ ಹಿತ್ತಿಲಲ್ಲಿ ಗೋಬರ್ ಗ್ಯಾಸ್ ಡ್ರಮ್ ನೋಡಿದ್ದರೆ ಅರ್ಧ ಅರ್ಥವಾದಂತೆಯೇ. ಅಲ್ಲಿ ಸಗಣಿಯ ಬಗ್ಗಡದ ಮೇಲೆ ಬೋರಲು ಹಾಕಿದ ಡ್ರಮ್ಮು ಗ್ಯಾಸ್ ತುಂಬಿದಂತೆಲ್ಲ ಮೇಲೇಳುತ್ತದೆ. ಇಲ್ಲಿ ನೀರು ತುಂಬಿದ ಪಾತ್ರೆಯೊಳಗೆ ಬೋರಲಾದ ಇನ್ನೊಂದು ಪಾತ್ರೆ. ಅದರ ಭಾರ ತಿಳಿಯದಂತೆ ರಾಟೆಯ ಮೇಲೆ ಹಾದ ಹುರಿಯ ಆಚೆ ತುದಿಗೆ ಸಮತೂಕ. ಕೊಳವೆಗೆ ಊದಿದ ಗಾಳಿ ಒಳಗಿನ ಪಾತ್ರೆಯನ್ನು ಎತ್ತುತ್ತದೆ. ಎಷ್ಟು ಎದ್ದಿತೆಂದು ಪಕ್ಕದ ಅಳತೆಪಟ್ಟಿ ಹೇಳುತ್ತದೆ. ಒಳಗಿನ ಬಿಸಿ ಉಸಿರು ಹೊರಬಂದು ತಣ್ಣಗಾದಾಗ ಕುಗ್ಗುತ್ತದೆಂಬ ಅರಿವೂ ಆತನಿಗಿತ್ತು. ಹಾಗಾಗಿ ಉಷ್ಣಾಂಶ ನೋಡಿ ಲೆಕ್ಕ ಸರಿಪಡಿಸುತ್ತಿದ್ದ.

ಈ ಯಂತ್ರದ ಮುಂದೆ ಹಚಿನ್ಸನ್ ಊದಿಸಿದ್ದು 2,130 ಜನರನ್ನು. ನಾವಿಕರು, ಬೆಂಕಿ ನಂದಿಸುವವರು, ಲಂಡನ್ ಪೊಲೀಸರು, ಥೇಮ್ಸ್ ನದಿ ಕಾಯುವ ಪೊಲೀಸರು, ಅಚ್ಚುಮೊಳೆ ಜೋಡಿಸುವವರು, ಬಿಯರ್ ಪೀಪಾಯಿ ಸಾಗಿಸುವ ಗಾಡಿಯವರು, ಕಾವಲು ದಳದ ಸೈನಿಕರು, ಕುಸ್ತಿಪಟುಗಳು, ನಿರ್ಗತಿಕರು, ಶ್ರೀಮಂತರು, ಕುಳ್ಳರು, ದೈತ್ಯರು. ಎಲ್ಲರ ಎತ್ತರ, ತೂಕ, ವಯಸ್ಸು, ಕಸುಬು ಬರೆದುಕೊಂಡ. ನಿಂತು ಊದಿದರೆಷ್ಟು, ಕೂತು ಊದಿದರೆಷ್ಟು, ಮಲಗಿ ಊದಿದರೆಷ್ಟು ಎಂದೂ ನೋಡಿದ. ಉಸಿರಾಟದ ಸ್ನಾಯುಗಳ ಬಲ ಅಳೆಯಲು ಪಾದರಸದ ಇನ್ನೊಂದು ಉಪಕರಣ ಮಾಡಿಕೊಂಡ. 1844ರಲ್ಲಿ ತನ್ನ ಲೆಕ್ಕಗಳನ್ನು ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. 1846ರಲ್ಲಿ ಎಲ್ಲವನ್ನೂ ಸೇರಿಸಿ ನೂರು ಪುಟ ದಾಟುವ ಪ್ರಬಂಧವೊಂದನ್ನು ಅಚ್ಚು ಹಾಕಿಸಿದ.

ಅದರಲ್ಲಿ ಎರಡು ಸಂಗತಿಗಳು ಆ ಕಾಲದವರನ್ನು ಚಕಿತಗೊಳಿಸುವಂಥವು. ಒಂದು, ಎದೆಯ ಸುತ್ತಳತೆಗೂ ಒಳಗೆ ಹಿಡಿಯುವ ಉಸಿರಿಗೂ ಸಂಬಂಧ ಕಾಣಲಿಲ್ಲ. ಅಗಲ ಎದೆಯವನ ಉಸಿರು ದೊಡ್ಡದು ಎಂಬ ನಂಬಿಕೆ ಬಿದ್ದುಹೋಯಿತು. ನಮ್ಮಲ್ಲಿ ಪೊಲೀಸ್ ನೇಮಕಾತಿಗೆ ಇವತ್ತಿಗೂ ಎದೆಗೆ ಟೇಪು ಸುತ್ತುವುದನ್ನು ನೋಡಿದಾಗ ನನಗೆ ಇದು ನೆನಪಾಗುತ್ತದೆ. ಎರಡು, ಉಸಿರಿನ ಅಳತೆ ಎತ್ತರವನ್ನು ಅನುಸರಿಸುತ್ತದೆ. ಐದಡಿಯಿಂದ ಆರಡಿಯವರೆಗೆ ಒಂದೊಂದು ಅಂಗುಲ ಎತ್ತರ ಹೆಚ್ಚಿದಂತೆ ಎಂಟು ಘನ ಅಂಗುಲ, ಅಂದರೆ ಸುಮಾರು 130 ಮಿಲಿಲೀಟರ್ ಉಸಿರು ಹೆಚ್ಚುತ್ತದೆ. ವಯಸ್ಸಾದಂತೆ ಅದು ಇಳಿಯುತ್ತದೆ. ಇಂದು ನಿಮ್ಮ ಹೆಸರಿನ ಮುಂದೆ ಎತ್ತರ, ವಯಸ್ಸು ಬರೆಸಿಕೊಂಡ ಮೇಲೆಯೇ ಯಂತ್ರ ಶುರು ಮಾಡುವುದು ಈ ಕಾರಣಕ್ಕೆ.

ಪೂರ್ತಿ ಎಳೆದುಕೊಂಡು ಪೂರ್ತಿ ಹೊರಬಿಡುವ ಉಸಿರಿಗೆ ಆತ ವೈಟಲ್ ಕೆಪಾಸಿಟಿ ಎಂದು ಹೆಸರಿಟ್ಟ. ಜೀವ ಹಿಡಿದಿರುವ ಶಕ್ತಿ ಎಂಬ ಅರ್ಥ ಅದರಲ್ಲಿದೆ. ಆ ಅಂಕಿ ಇಳಿದವರು ಬೇಗ ಸಾಯುತ್ತಾರೆ ಎಂಬುದು ಹಚಿನ್ಸನ್ ವಾದ. ಆಗ ಅದು ವಿಮಾ ವೈದ್ಯನೊಬ್ಬನ ಅತಿ ಉತ್ಸಾಹ ಎಂಬಂತೆ ಕಂಡಿರಬಹುದು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಸಾವಿರಾರು ಜನರನ್ನು ದಶಕಗಟ್ಟಲೆ ಗಮನಿಸುವ ಅಧ್ಯಯನ ಶುರುವಾಯಿತು. ಕಡಿಮೆ ಉಸಿರಿನವರ ಆಯುಸ್ಸೂ ಕಡಿಮೆ ಎಂಬುದು ಅಲ್ಲಿ ಗಟ್ಟಿಯಾಗಿ ಕಂಡುಬಂತು.

ಎಷ್ಟು ಎಂದು ಕೇಳಿದ, ಎಷ್ಟು ಬೇಗ ಎಂದು ಕೇಳಲಿಲ್ಲ

ಹಚಿನ್ಸನ್ ಹೋರಾಟವೆಲ್ಲ ಕ್ಷಯದ ಮೇಲೆ. ಕ್ಷಯ ಶ್ವಾಸಕೋಶವನ್ನು ತಿಂದುಹಾಕುತ್ತದೆ, ಹಾಗಾಗಿ ಉಸಿರಿನ ಮೊತ್ತ ಇಳಿಯುತ್ತದೆ. ಅಸ್ತಮಾದ ಬಗೆ ಬೇರೆ. ನಮ್ಮ ಹಿರಿಯರು ಗೂರಲು, ದಮ್ಮು, ಉಬ್ಬಸ ಎಂದೆಲ್ಲ ಕರೆಯುವ ಈ ಕಾಯಿಲೆಯಲ್ಲಿ ಶ್ವಾಸಕೋಶದ ಚೀಲ ಸರಿಯಿರುತ್ತದೆ, ಕೆಡುವುದು ಗಾಳಿ ಹಾಯುವ ದಾರಿ. ನಳಿಕೆಗಳ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಬಾತುಕೊಳ್ಳುತ್ತದೆ, ಕಫ ಕಟ್ಟುತ್ತದೆ. ಬಾಯಿ ಕಿರಿದಾದ ಕೊಡದಿಂದಲೂ ನೀರು ಪೂರ್ತಿ ಸುರಿಯುತ್ತದೆ, ಆದರೆ ಹೊತ್ತು ಹಿಡಿಯುತ್ತದೆ. ಹಚಿನ್ಸನ್ನನ ಯಂತ್ರ ಕೊಡದ ನೀರಿನ ಮೊತ್ತ ಮಾತ್ರ ಹೇಳುತ್ತಿತ್ತು. ನಿಧಾನವಾಗಿ ಊದುತ್ತ ಹೋದ ಅಸ್ತಮಾ ರೋಗಿ ಅಲ್ಲಿ ಆರೋಗ್ಯವಂತನೇ ಆಗಿಬಿಡಬಹುದಿತ್ತು.

ಆ ಪ್ರಶ್ನೆ ತಿದ್ದುಪಡಿಯಾಗಲು ನೂರು ವರ್ಷ ಹಿಡಿಯಿತು. 1947ರಲ್ಲಿ ಪ್ಯಾರಿಸ್ಸಿನ ರಾಬರ್ಟ್ ಟಿಫ್ನೊ ಮತ್ತು ಪಿನೆಲಿ ಊದುವ ಉಸಿರಿಗೆ ಗಡಿಯಾರ ಹಿಡಿದರು. ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂದು ನೋಡಿದರು. ಆರೋಗ್ಯವಂತ ವಯಸ್ಕರು ಒಟ್ಟು ಉಸಿರಿನ ಮುಕ್ಕಾಲು ಪಾಲನ್ನು, ಕೆಲವೊಮ್ಮೆ ಇನ್ನೂ ಹೆಚ್ಚನ್ನು, ಮೊದಲ ಸೆಕೆಂಡಿನಲ್ಲೇ ಹೊರಹಾಕುತ್ತಾರೆ. ದಾರಿ ಕಿರಿದಾದವರಿಗೆ ಅದು ಆಗುವುದಿಲ್ಲ. ನಿಮ್ಮ ರಿಪೋರ್ಟಿನಲ್ಲಿ ಎಫ್‌ಇವಿ-1 ಎಂದಿರುವುದು ಈ ಮೊದಲ ಸೆಕೆಂಡಿನ ಉಸಿರು. ಎಫ್‌ವಿಸಿ ಎಂದಿರುವುದು ರಭಸದಿಂದ ಊದಿಸಿ ತೆಗೆದ ಒಟ್ಟು ಉಸಿರು, ಹಚಿನ್ಸನ್ ಅಳತೆಯದೇ ಇನ್ನೊಂದು ರೂಪ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದ ಅಂಕಿ ತೀರ ಕೆಳಗಿದ್ದರೆ ದಾರಿಯಲ್ಲಿ ಅಡ್ಡಿಯಿದೆ ಎಂದರ್ಥ.

ಅಡ್ಡಿಯಿದ್ದ ಮಾತ್ರಕ್ಕೆ ಅಸ್ತಮಾ ಎನ್ನಲಾಗದು. ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆಯಿಂದ ಬರುವ ಸಿಒಪಿಡಿಯಲ್ಲೂ ಅಡ್ಡಿಯಿರುತ್ತದೆ. ಅಸ್ತಮಾದ ಗುರುತು ಎಂದರೆ ಏರಿಳಿತ. ಅದಕ್ಕೇ ಒಮ್ಮೆ ಊದಿಸಿ, ಸಾಲ್ಬ್ಯುಟಮಾಲ್ ಪಫ್ ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸುತ್ತೇವೆ. ವಯಸ್ಕರಲ್ಲಿ ಮೊದಲ ಸೆಕೆಂಡಿನ ಉಸಿರು ಶೇ 12ರಷ್ಟು, ಜೊತೆಗೆ 200 ಮಿಲಿಲೀಟರ್‌ನಷ್ಟು ಏರಿದರೆ ಅದು ಅಸ್ತಮಾದ ಕಡೆಗೆ ಬೆರಳು ತೋರಿಸುತ್ತದೆ ಎಂಬುದು ಬಹುಕಾಲ ಬಳಸಿದ ಲೆಕ್ಕ. ಅಸ್ತಮಾ ಸುಮ್ಮನಿರುವ ದಿನ ಪರೀಕ್ಷೆಗೆ ಬಂದರೆ ಎಲ್ಲವೂ ಸರಿಯಾಗಿಯೇ ಕಾಣಬಹುದು. ಒಂದು ದಿನದ ಒಳ್ಳೆಯ ರಿಪೋರ್ಟನ್ನು ಹಿಡಿದು ಕಾಯಿಲೆಯೇ ಇಲ್ಲ ಎಂದುಕೊಳ್ಳಬಾರದು.

ಈ ಏರಿಳಿತವನ್ನು ಮನೆಯಲ್ಲೇ ಹಿಡಿಯುವ ದಾರಿ ಕೊಟ್ಟವರು ಇಂಗ್ಲೆಂಡಿನ ಮಾರ್ಟಿನ್ ರೈಟ್. ಗಣಿ ಕಾರ್ಮಿಕರ ಶ್ವಾಸಕೋಶದ ಮೇಲೆ ಕೆಲಸ ಮಾಡುತ್ತಿದ್ದ ಅವರು, ಮೆಕೆರೊ ಜೊತೆ ಸೇರಿ 1959ರಲ್ಲಿ ಪೀಕ್ ಫ್ಲೋ ಮೀಟರ್ ಬಗ್ಗೆ ಬರೆದರು. ಮುಂದೆ ಅದು ಅಂಗೈಗೆ ಹಿಡಿಯುವಷ್ಟು ಚಿಕ್ಕದಾಯಿತು. ಒಂದು ಪ್ಲಾಸ್ಟಿಕ್ ಕೊಳವೆ, ಅದರ ಮೇಲೊಂದು ಮುಳ್ಳು. ಅತಿ ರಭಸದ ಊದು ಎಷ್ಟಿತ್ತು ಎಂದು ಅದು ತೋರಿಸುತ್ತದೆ. ಕರೆಂಟು ಬೇಡ, ನೀರು ಬೇಡ, ತಂತ್ರಜ್ಞರೂ ಬೇಡ.

ಅಳತೆಗೋಲು ಅಡ್ಡದಾರಿ ಹಿಡಿದದ್ದು

ಹಚಿನ್ಸನ್ ಎತ್ತರಕ್ಕೆ ತಕ್ಕ ಪಟ್ಟಿ ಮಾಡಿಟ್ಟ ಮೇಲೆ ಅದು ಬೇರೆಯವರ ಕೈಗೂ ಹೋಯಿತು. ಅಮೆರಿಕದಲ್ಲಿ ಗುಲಾಮಗಿರಿಯನ್ನು ಸಮರ್ಥಿಸುತ್ತಿದ್ದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಸ್ಪೈರೋಮೀಟರ್ ಹಿಡಿದು ಕಪ್ಪು ಜನರ ಉಸಿರೇ ಹುಟ್ಟಿನಿಂದ ಕಡಿಮೆ ಎಂದು ವಾದಿಸಿದ. ಹೊಟ್ಟೆಗಿಲ್ಲದ್ದು, ಮಿತಿಮೀರಿದ ದುಡಿತ, ಹೊಗೆ ತುಂಬಿದ ಗುಡಿಸಲು, ಇವು ಯಾವುವೂ ಆತನ ಲೆಕ್ಕಕ್ಕೆ ಬರಲಿಲ್ಲ. ಮನುಷ್ಯರ ಬಣ್ಣ ನೋಡಿ ಅಳತೆ ಬದಲಿಸುವ ಈ ರೂಢಿ ಯಂತ್ರಗಳೊಳಗೆ ಕೂತು ಇಪ್ಪತ್ತೊಂದನೇ ಶತಮಾನಕ್ಕೂ ಬಂತು. 2023ರಲ್ಲಷ್ಟೇ ಅಮೆರಿಕದ ಥೊರಾಸಿಕ್ ಸೊಸೈಟಿ ಜನಾಂಗ ನೋಡದ ಲೆಕ್ಕವನ್ನೇ ಬಳಸಿ ಎಂದು ಸಲಹೆ ಕೊಟ್ಟಿತು.

ಇದು ನಮಗೆ ದೂರದ ಸುದ್ದಿಯಲ್ಲ. ಭಾರತದಲ್ಲೂ ದೆಹಲಿ, ಮುಂಬೈ, ಚೆನ್ನೈಗಳಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಜನರನ್ನು ಊದಿಸಿ ಮಾಡಿದ ಪಟ್ಟಿಗಳಿವೆ. ಯಂತ್ರಕ್ಕೆ ಯಾವ ಪಟ್ಟಿ ತುಂಬಿದ್ದಾರೋ ಅದರಂತೆ ನಿಮ್ಮ ಶೇಕಡಾ ಬರುತ್ತದೆ. ಹುಬ್ಬಳ್ಳಿಯಲ್ಲಿ ಶೇ 85 ಬಂದವರಿಗೆ ಬೇರೆ ಊರಿನಲ್ಲಿ ಶೇ 78 ಬಂದರೆ ಕಾಯಿಲೆ ಹೆಚ್ಚಾಗಿರಲೂಬಹುದು, ಯಂತ್ರದ ಪಟ್ಟಿ ಬೇರೆಯಾಗಿರಲೂಬಹುದು. ಶೇಕಡಾದ ಪಕ್ಕದಲ್ಲೇ ಲೀಟರ್‌ನಲ್ಲಿ ಅಚ್ಚಾದ ಅಸಲಿ ಅಳತೆ ಇರುತ್ತದೆ. ಪಟ್ಟಿ ಬದಲಾದರೂ ಅದು ಬದಲಾಗುವುದಿಲ್ಲ. ಹೋಲಿಸಬೇಕಾದದ್ದು ಅದನ್ನು.

ಊರಿಗೊಬ್ಬ ಡಾಕ್ಟರು, ಕಡತ ಮಾತ್ರ ಇಲ್ಲ

ನಾನು ಪುಣೆಗೆ ಬಂದು ಈ ಕೊಳವೆಯ ಮುಂದೆ ಕೂತು ವರ್ಷಗಳಾದವು. ವಲಸೆ ಬಂದವರಲ್ಲಿ ಒಂದು ಸಂಗತಿಯನ್ನು ಮತ್ತೆ ಮತ್ತೆ ನೋಡುತ್ತೇನೆ. ಇನ್ಹೇಲರ್ ಹಳೆಯದು, ಕಾಯಿಲೆ ಹಳೆಯದು, ರಿಪೋರ್ಟು ಮಾತ್ರ ಮೊದಲನೆಯದು. ಬೆಂಗಳೂರಿನಲ್ಲಿ ಮಾಡಿಸಿದ್ದು ಎಲ್ಲೋ ಹೋಯಿತು, ಹೈದರಾಬಾದಿನಲ್ಲಿ ಮಾಡಿಸಲೇ ಇಲ್ಲ. ಊರು ಬದಲಾದಂತೆ ಡಾಕ್ಟರು ಬದಲಾಗುತ್ತಾರೆ, ಪ್ರತಿಯೊಬ್ಬರೂ ಮೊದಲಿನಿಂದ ಶುರು ಮಾಡಬೇಕು. ಫ್ರೀಮನ್‌ಗಾದರೆ 434 ಎಂದು ಬರೆದಿಟ್ಟ ಒಂದು ಕಾಗದವಿತ್ತು. ಇವರ ಬಳಿ ಅದೂ ಇರುವುದಿಲ್ಲ.

ಅಸ್ತಮಾದಲ್ಲಿ ಇದು ಅಪಾಯ. ನಿಧಾನವಾಗಿ ಕಿರಿದಾಗುವ ದಾರಿಗೆ ಮೈ ಒಗ್ಗಿಕೊಳ್ಳುತ್ತದೆ. ಮೆಟ್ಟಿಲು ಬಿಟ್ಟು ಲಿಫ್ಟು ಹಿಡಿಯುತ್ತೇವೆ, ವೇಗದ ನಡಿಗೆ ಬಿಡುತ್ತೇವೆ, ವಯಸ್ಸಾಯಿತು ಎಂದುಕೊಳ್ಳುತ್ತೇವೆ. ದಾರಿ ಅರ್ಧ ಮುಚ್ಚಿದರೂ ಉಸಿರು ಕಟ್ಟಿದಂತೆ ಅನಿಸದ ರೋಗಿಗಳಿದ್ದಾರೆ. ಅವರಿಗೆ ಒಂದು ಚಳಿಗಾಲದ ಹೊಗೆ, ಒಂದು ನೆಗಡಿ ಸಾಕು, ರಾತ್ರೋರಾತ್ರಿ ಆಸ್ಪತ್ರೆ ಸೇರಲು. ಮೈ ಹೇಳದ್ದನ್ನು ಅಂಕಿ ಮೊದಲೇ ಹೇಳಿರುತ್ತದೆ, ಬರೆದಿಟ್ಟಿದ್ದರೆ.

ಇನ್ನೊಂದು ಮಾತು ಊರಿನಿಂದ ಬರುವ ಅಪ್ಪ, ಅವ್ವ, ಅಜ್ಜ, ಅಜ್ಜಿಯರ ಬಗ್ಗೆ. ಈ ಪರೀಕ್ಷೆ ರಕ್ತ ಕೊಟ್ಟು ಬಂದ ಹಾಗಲ್ಲ. ಊದುವವರು ಮನಸ್ಸಿಟ್ಟು, ಬಲ ಹಾಕಿ, ಹೇಳಿದಂತೆ ಊದಿದರೆ ಮಾತ್ರ ಅದಕ್ಕೆ ಬೆಲೆ. ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಮರಾಠಿಯಲ್ಲೋ ಹಿಂದಿಯಲ್ಲೋ ಗದರಿದಂತೆ ಹೇಳಿದರೆ, ಕನ್ನಡ ಮಾತ್ರ ಬಲ್ಲ ಮುದುಕಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಒಲೆ ಊದಿದ ಹಾಗೆ ಸಣ್ಣಗೆ ಫೂ ಫೂ ಎಂದು ಊದಿ ಸುಮ್ಮನಾಗುತ್ತಾರೆ. ಯಂತ್ರ ಶ್ವಾಸಕೋಶ ಕುಗ್ಗಿದೆ ಎಂದು ಬರೆದುಕೊಡುತ್ತದೆ. ನಮ್ಮ ಕಡೆಯವರು ಬಂದರೆ ನಾನು ನಮ್ಮ ಮಾತಿನಲ್ಲೇ ಬಿಡಿಸಿ ಹೇಳುತ್ತೇನೆ. ಊದುಗೊಳವೆಯ ಆಚೆ ಕೆಂಡ ಒಂದೇ ಏಟಿಗೆ ಭಗ್ಗೆನ್ನಬೇಕು ಅಜ್ಜಿ, ಆಮೇಲೂ ಬಾಯಿ ತೆಗೆಯದೆ ಉಸಿರು ಮುಗಿಯುವ ತನಕ ಊದುತ್ತಲೇ ಇರಬೇಕು ಅನ್ನುತ್ತೇನೆ. ಎರಡನೇ ಸಲಕ್ಕೆ ಅಂಕಿ ಮೇಲೇಳುತ್ತದೆ. ಹಾಗಾಗಿ ಮನೆಯ ಹಿರಿಯರನ್ನು ಪರೀಕ್ಷೆಗೆ ಕಳಿಸುವಾಗ ಭಾಷೆ ಗೊತ್ತಿರುವ ಒಬ್ಬರು ಜೊತೆಗೆ ಒಳಗೆ ಹೋಗಿ. ಹಿಂದಿನ ದಿನವೇ ಮನೆಯಲ್ಲಿ ಊದುವುದನ್ನು ತೋರಿಸಿಕೊಡಿ. ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಕಣ್ಣಿನ ಆಪರೇಷನ್ ಆಗಿದ್ದರೆ ಮೊದಲೇ ತಿಳಿಸಿ. ಪರೀಕ್ಷೆಗೆ ಮುಂಚೆ ಯಾವ ಇನ್ಹೇಲರ್ ಎಷ್ಟು ಹೊತ್ತು ನಿಲ್ಲಿಸಬೇಕೆಂದು ಡಾಕ್ಟರನ್ನೇ ಕೇಳಿ.

ಪೀಕ್ ಫ್ಲೋ ಮೀಟರ್ ಇದ್ದರೆ ಲೆಕ್ಕ ಇನ್ನೂ ಸುಲಭ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಿಂತುಕೊಂಡು ಊದಬೇಕು. ಪ್ರತಿ ಸಲವೂ ಮೂರು ಊದು, ಅದರಲ್ಲಿ ಹೆಚ್ಚಿನದನ್ನು ಬರೆದುಕೊಳ್ಳಬೇಕು. ಕಾಯಿಲೆ ಹತೋಟಿಯಲ್ಲಿರುವ ಎರಡು ವಾರದಲ್ಲಿ ಬಂದ ಅತಿ ಹೆಚ್ಚಿನ ಅಂಕಿ ನಿಮ್ಮ ಸ್ವಂತ ಅಳತೆ. ಅದರ ಶೇ 80ರ ಮೇಲಿದ್ದರೆ ನೆಮ್ಮದಿ. 80ಕ್ಕೂ 50ಕ್ಕೂ ನಡುವೆ ಇದ್ದರೆ ಎಚ್ಚರ, ಡಾಕ್ಟರು ಬರೆದುಕೊಟ್ಟಂತೆ ಔಷಧಿ ಹೊಂದಿಸಿಕೊಳ್ಳಬೇಕು. 50ಕ್ಕಿಂತ ಕೆಳಗೆ ಬಂದರೆ ಬೆಳಗಾಗಲಿ ಎಂದು ಕಾಯದೆ, ಪಫ್ ತೆಗೆದುಕೊಂಡು ಆಸ್ಪತ್ರೆಗೆ ಹೊರಡಬೇಕು.

ಔಷಧಿ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲೂ ಇದೇ ದಾರಿ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನಲ್ಲಿ ಮೀನಿನ ಔಷಧಿಗೆ ಸಾಲು ನಿಲ್ಲುವವರಲ್ಲಿ ನಮ್ಮ ಕಡೆಯವರೂ ಇರುತ್ತಾರೆ. ಅಸ್ತಮಾ ತಾನಾಗಿ ಬಂದು ತಾನಾಗಿ ಇಳಿಯುವ ಕಾಯಿಲೆ. ಇಳಿಯುವ ಹೊತ್ತಿನಲ್ಲಿ ಏನು ತಿಂದಿರುತ್ತೇವೋ ಅದಕ್ಕೇ ಹೆಸರು ಬರುತ್ತದೆ. ಮೀನು ನುಂಗಿದರೂ ಸರಿ, ದುಬಾರಿ ಇನ್ಹೇಲರ್ ಎಳೆದರೂ ಸರಿ, ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಅಳೆಯದೆ ಗುಣವಾಯಿತು ಅನ್ನುವಂತಿಲ್ಲ. ಅಳೆಯುವ ತನಕ ಡಾಕ್ಟರು ಕೊಟ್ಟದ್ದನ್ನು ನಿಲ್ಲಿಸುವಂತೆಯೂ ಇಲ್ಲ.

ಫಿಜಿಯಲ್ಲಿ ಮುಗಿದ ಬದುಕು

ಹಚಿನ್ಸನ್ ತನ್ನ ಕೊಳವೆಯ ಭಾಗ್ಯ ನೋಡಲು ಲಂಡನ್ನಿನಲ್ಲಿ ಉಳಿಯಲಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1851ರಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿತ್ತು. ಹಡಗು ಹಡಗು ತುಂಬಿ ಜನ ಹೊರಟಿದ್ದರು. 1852ರಲ್ಲಿ, ಹೆಸರು ಮಾಡಿ ಆರೇ ವರ್ಷಕ್ಕೆ, ಹೆಂಡತಿ ಮಕ್ಕಳನ್ನು ಇಂಗ್ಲೆಂಡಿನಲ್ಲೇ ಬಿಟ್ಟು ಈತನೂ ಹಡಗು ಹತ್ತಿದ. ಚಿನ್ನದ ಸೀಮೆಯಲ್ಲಿ ಕೆಲವು ವರ್ಷ ಕಳೆದ. ಶ್ವಾಸಕೋಶದ ಮೇಲೆ ಮತ್ತೊಂದು ದೊಡ್ಡ ಕೆಲಸ ಆತನ ಕೈಯಿಂದ ಬರಲಿಲ್ಲ. 1861ರಲ್ಲಿ ಅಲ್ಲಿಂದ ಫಿಜಿ ದ್ವೀಪಗಳಿಗೆ ಹೋದ. ಅದೇ ವರ್ಷ ಅಲ್ಲೇ ತೀರಿಕೊಂಡ. ಆಗ ಆತನಿಗೆ ಐವತ್ತು.

ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಬರೆದಿಟ್ಟ ಮನುಷ್ಯ ಹುಟ್ಟಿದ ನೆಲದಿಂದ ಸಾವಿರಾರು ಮೈಲಿ ಆಚೆ ಸತ್ತ. ಆತನ ಪ್ರಬಂಧ ಮಾತ್ರ ಉಳಿಯಿತು. ಇವತ್ತು ಕಂಪ್ಯೂಟರಿಗೆ ಸಿಕ್ಕಿಸಿದ ಸ್ಪೈರೋಮೀಟರ್ ಸೆಕೆಂಡಿನ ಚೂರುಗಳನ್ನೂ ಎಣಿಸಿ ಗೆರೆ ಎಳೆದುಕೊಡುತ್ತದೆ. ಉಸಿರಿನ ಮೊತ್ತದ ಅಂಕಿಗೆ ಆತ ಇಟ್ಟ ಹೆಸರೇ ಇವತ್ತಿಗೂ ಬಳಕೆಯಲ್ಲಿದೆ.

ಮುಂದಿನ ಸಲ ಪಿಎಫ್‌ಟಿ ಮಾಡಿಸಿದಾಗ ಎರಡು ಪ್ರತಿ ಕೇಳಿ ತೆಗೆದುಕೊಳ್ಳಿ. ಒಂದನ್ನು ಡಾಕ್ಟರ ಕಡತಕ್ಕೆ ಕೊಡಿ. ಇನ್ನೊಂದರ ಫೋಟೊ ತೆಗೆದು ಫೋನಿನಲ್ಲಿ, ಆಧಾರ್ ಮತ್ತು ಪ್ಯಾನ್ ಕಾರ್ಡ್ ಇಟ್ಟಿರುವ ಜಾಗದಲ್ಲೇ ಇಟ್ಟುಕೊಳ್ಳಿ. ಕೆಲಸ ಬದಲಾಗಿ ಇನ್ನೊಂದು ಊರಿಗೆ ಹೋದಾಗ ಹೊಸ ಡಾಕ್ಟರು ಮೊದಲು ಕೇಳಬೇಕಾದ ಕಾಗದ ಅದು. ಅವರು ಕೇಳದಿದ್ದರೂ ನೀವೇ ತೋರಿಸಿ.

(ಲೇಖಕರು ಪುಣೆಯಲ್ಲಿ ಉಸಿರಾಟ ಪರೀಕ್ಷೆಯ ತಂತ್ರಜ್ಞರು)